ನರ್ತಕಿಯ ಕಂಠ

ನೃತ್ಯಕ್ಕೂ ಗಾನಕ್ಕೂ ಲಯವೇ ಪ್ರಾಣವೆಂಬುದನ್ನು ಎಲ್ಲರೂ ಒಪ್ಪುವರಾದರೂ, ನರ್ತಕಿಯೊಬ್ಬಳು ಹಾಡಲು ಮುಂದಾದಾಗ ಆಕೆಯ ಕಾಲನ್ನು ನಂಬಿದಷ್ಟು ಸುಲಭವಾಗಿ ಕಂಠವನ್ನು ಜನ ನಂಬುವುದಿಲ್ಲ. ಅಮೆರಿಕದ ಪಾಪ್ ಸಂಗೀತದಲ್ಲಿ ಈ ಅಪನಂಬಿಕೆಯ ಭಾರವನ್ನು ಬಹುಕಾಲ ಹೊತ್ತವಳು ಪೌಲಾ ಅಬ್ದುಲ್.

1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜನಿಸಿ, ನರ್ತಕ-ನಟ ಜೀನ್ ಕೆಲ್ಲಿಯ ಚಲನಚಿತ್ರಗಳಿಂದ ಸ್ಫೂರ್ತಿಗೊಂಡು ಬಾಲ್ಯದಲ್ಲಿಯೇ ನೃತ್ಯಾಭ್ಯಾಸಕ್ಕೆ ತೊಡಗಿದ ಈಕೆ, ಲಾಸ್ ಏಂಜಲೀಸ್‌ನ ಲೇಕರ್ಸ್ ಬಾಸ್ಕೆಟ್‌ಬಾಲ್ ತಂಡದ ಪಂದ್ಯಗಳಲ್ಲಿ ಕುಣಿದು ಪ್ರೇಕ್ಷಕರನ್ನು ಹುರಿದುಂಬಿಸುತ್ತಿದ್ದ ‘ಲೇಕರ್ ಗರ್ಲ್ಸ್’ ಬಳಗವನ್ನು ಸೇರಿ, ಬಹುಬೇಗನೆ ಅದರ ನೃತ್ಯಸಂಯೋಜಕಿಯಾದಳು. ಅಲ್ಲಿ ಆಕೆಯ ಪ್ರತಿಭೆಯನ್ನು ಕಂಡ ಗಾಯಕರಾದ ಜಾಕ್ಸನ್ ಸೋದರರು 1984ರಲ್ಲಿ ತಮ್ಮ ವಿಡಿಯೋ ಒಂದಕ್ಕೆ ನೃತ್ಯ ಸಂಯೋಜಿಸಲು ಕರೆದರು. 1986ರ ಸುಮಾರಿಗೆ ಗಾಯಕಿ ಜಾನೆಟ್ ಜಾಕ್ಸನ್‌ಳ ‘ಕಂಟ್ರೋಲ್’ ಆಲ್ಬಮ್‌ನ ವಿಡಿಯೋಗಳಲ್ಲಿ ಜಗತ್ತು ಮೆಚ್ಚಿದ ಹೆಜ್ಜೆಗಳ ಹಿಂದೆಯೂ ಈಕೆಯ ಕೈಚಳಕವಿತ್ತು. ಆದರೆ ಹೆಜ್ಜೆಯನ್ನು ಮೆಚ್ಚಿದವರು ಹಾಡಿದವಳ ಹೆಸರನ್ನು ನೆನೆವರೇ ಹೊರತು ಹೆಜ್ಜೆ ಕಲಿಸಿದವಳ ಹೆಸರನ್ನಲ್ಲ.

ಆಕೆಯ ಹಾಡುವ ಹಂಬಲಕ್ಕೆ ಅಡ್ಡಿಯಾದುದು ಜನರ ಸಂಶಯವೊಂದೇ ಆಗಿರಲಾರದು. ಬೆನ್ನು ನೇರವಾಗಿರಲೆಂದು, ತಿರುವಿನಲ್ಲಿ ಸಮತೋಲ ತಪ್ಪದಿರಲೆಂದು, ನರ್ತಕಿಯು ಹೊಟ್ಟೆಯನ್ನು ಒಳಕ್ಕೆ ಬಿಗಿಹಿಡಿಯುವುದನ್ನು ಎಳವೆಯಿಂದಲೇ ರೂಢಿಸಿಕೊಂಡಿರುತ್ತಾಳೆ. ಗಾಯಕಿಗಾದರೋ ಉಸಿರು ಆಳಕ್ಕಿಳಿಯುವಂತೆ ಅದೇ ಹೊಟ್ಟೆಯನ್ನು ಸಡಿಲಿಸುವುದೇ ಮೊದಲ ಪಾಠ. ಕುಣಿಯುವಾಗ ಮೈ ತನಗೆ ಬೇಕಾದಾಗಲೆಲ್ಲ ಉಸಿರೆಳೆದುಕೊಳ್ಳುತ್ತದೆ, ಹಾಡುವಾಗ ಸಾಲು ಮುಗಿಯುವವರೆಗೆ ಕಾಯಬೇಕು. ಇವೆರಡನ್ನೂ ಏಕಕಾಲದಲ್ಲಿ ಸಾಧಿಸುವುದು ಎಂತಹ ದೇಹಶ್ರಮವೆಂಬುದನ್ನು ರಂಗದ ಮುಂದೆ ಕುಳಿತವರು ಬಹುಶಃ ಊಹಿಸಲಾರರು.

ವರ್ಜಿನ್ ಕಂಪನಿಯು 1988ರಲ್ಲಿ ಹೊರತಂದ ಆಕೆಯ ಮೊದಲ ಆಲ್ಬಮ್ ‘ಫಾರೆವರ್ ಯುವರ್ ಗರ್ಲ್’ನ ಮೊದಲ ಹಾಡುಗಳು ಹೆಚ್ಚು ಸದ್ದುಮಾಡಲಿಲ್ಲ. ಭಾಗ್ಯವನ್ನು ತಿರುಗಿಸಿದುದು ಎಲಿಯಟ್ ವೋಲ್ಫ್ ರಚಿಸಿದ ‘ಸ್ಟ್ರೈಟ್ ಅಪ್’. ಆ ಹಾಡಿನ ಕಚ್ಚಾ ಮುದ್ರಣವನ್ನು ಕೇಳಿದ ತನ್ನ ತಾಯಿ ನಕ್ಕು ಕಸದ ಬುಟ್ಟಿಗೆಸೆದಳೆಂದೂ, ತಾನು ಅದನ್ನು ಹೆಕ್ಕಿಕೊಂಡೆನೆಂದೂ ಅಬ್ದುಲ್ ಮುಂದೆ ಹೇಳಿಕೊಂಡಿದ್ದಾಳೆ. ಆ ಹಾಡಿನಲ್ಲಿ ದೀರ್ಘವಾಗಿ ಎಳೆಯುವ ಸ್ವರಗಳು ಕಡಿಮೆ. ಪುಟ್ಟ ಪುಟ್ಟ ಪದಗಳು ತಾಳದ ಮೇಲೆ ಥಟ್ಟನೆ ಬಂದು ಬೀಳುತ್ತವೆ. ಡೇವಿಡ್ ಫಿಂಚರ್ ನಿರ್ದೇಶಿಸಿದ ಕಪ್ಪು-ಬಿಳುಪು ವಿಡಿಯೋ ಕೂಡ ಹಾಡಿನಿಂದಲ್ಲ, ಆಕೆಯ ಟ್ಯಾಪ್ ನೃತ್ಯದ ಕಾಲ್ಸದ್ದಿನಿಂದ ಆರಂಭವಾಗುತ್ತದೆ. ದೊಡ್ಡ ಕಂಠವಿಲ್ಲವೆಂದು ಟೀಕಿಸಿದವರು ಈ ಲಯಚಾತುರ್ಯವನ್ನು ಗಮನಿಸಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ತನ್ನ ಸಾಮರ್ಥ್ಯದ ಎಲ್ಲೆಯನ್ನರಿತು, ಆ ಎಲ್ಲೆಯೊಳಗೇ ಒಂದು ಶೈಲಿಯನ್ನು ಕಟ್ಟಿಕೊಂಡವಳನ್ನು ಕಲಾವಿದೆಯೆನ್ನದೆ ಬೇರೇನೆನ್ನಬೇಕು?

1989ರ ಫೆಬ್ರವರಿಯಲ್ಲಿ ಈ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಅಗ್ರಸ್ಥಾನಕ್ಕೇರಿತು. ಆಲ್ಬಮ್ ಮಾತ್ರ ಆಲ್ಬಮ್‌ಗಳ ಪಟ್ಟಿಯಲ್ಲಿ 64 ವಾರ ಕಳೆದು ಅಕ್ಟೋಬರಿನಲ್ಲಿ ಶಿಖರವನ್ನು ಮುಟ್ಟಿತು. ಅಷ್ಟು ದೀರ್ಘಕಾಲ ಕಾದು ಮೊದಲ ಸ್ಥಾನ ಪಡೆದ ಆಲ್ಬಮ್ ಅಲ್ಲಿಯವರೆಗೆ ಮತ್ತೊಂದಿರಲಿಲ್ಲ. ಅದರ ನಾಲ್ಕು ಹಾಡುಗಳು ಅಗ್ರಸ್ಥಾನ ಕಂಡವು.

ಇಷ್ಟಾದರೂ ಸಂಶಯ ಸಾಯಲಿಲ್ಲ. 1991ರಲ್ಲಿ ಸಹಗಾಯಕಿಯೊಬ್ಬಳು, ಆಲ್ಬಮ್‌ನ ಕೆಲವು ಹಾಡುಗಳಲ್ಲಿ ಮುಖ್ಯಧ್ವನಿಯಾಗಿ ಕೇಳಿಬರುವುದರಲ್ಲಿ ತನ್ನ ಕಂಠವೂ ಬೆರೆತಿದೆಯೆಂದು ನ್ಯಾಯಾಲಯದ ಮೆಟ್ಟಿಲೇರಿದಳು. ಒಬ್ಬ ನರ್ತಕಿಗೆ ಇದಕ್ಕಿಂತ ನೋವಿನ ಆಪಾದನೆ ಬೇರೊಂದಿರದು, ಏಕೆಂದರೆ ಅದನ್ನು ನಂಬಲು ಜನ ಮೊದಲೇ ಸಿದ್ಧರಾಗಿದ್ದರು. ಅದೇ ವರ್ಷ ಹೊರಬಂದ ಅಬ್ದುಲ್‌ಳ ‘ರಷ್ ರಷ್’ ಕುಣಿತದ ಹಂಗಿಲ್ಲದ ನಿಧಾನಗತಿಯ ಗೀತೆ. ಐದು ವಾರಗಳ ಕಾಲ ಅದು ಅಗ್ರಸ್ಥಾನದಲ್ಲಿತ್ತು. 1993ರಲ್ಲಿ ಜ್ಯೂರಿಯು ಆ ದಾವೆಯನ್ನು ತಳ್ಳಿಹಾಕಿತು.