ಚಳಿಯಿಲ್ಲದ ಊರಿನಲ್ಲಿ ಎಲೆ ಉದುರುವುದೇಕೆ?

ಮಾರ್ಚ್ ತಿಂಗಳಲ್ಲಿ ಮುಂಬೈನ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋದವರು, ಕಾನ್ಹೇರಿ ಗುಹೆಗಳ ದಾರಿಯಲ್ಲಿ ಬೋಳಾಗಿ ನಿಂತ ತೇಗ, ಬೂರುಗಗಳನ್ನು ಕಂಡು ಕಾಡೇ ಒಣಗಿತೆಂದು ಮರುಗುವುದುಂಟು. ಎಲೆ ಉದುರುವುದಕ್ಕೆ ಚಳಿಯೇ ಕಾರಣವೆಂಬುದು ಸಾಮಾನ್ಯ ನಂಬಿಕೆ. ಆದರೆ ಅದೇ ನಗರದ ಸಾಂತಾಕ್ರೂಜ್‌ನಲ್ಲಿ 1962ರ ಜನವರಿಯಲ್ಲಿ ದಾಖಲಾದ ಅತಿ ಹೆಚ್ಚಿನ ಚಳಿಯೂ 7.4 ಡಿಗ್ರಿಗಿಂತ ಕೆಳಗಿಳಿದಿಲ್ಲ. ಇಲ್ಲಿ ಮರವನ್ನು ಬೋಳಾಗಿಸುವುದು ನೀರಿನ ಕೊರತೆ. ವರ್ಷದ ಮಳೆಯೆಲ್ಲ ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಆಮೇಲೆ ಎಲೆಗಳನ್ನು ಇಟ್ಟುಕೊಂಡರೆ ಅವುಗಳ ಮೂಲಕ ಇದ್ದ ನೀರೂ ಆವಿಯಾಗುತ್ತದೆ. ಅದೇ ಕಾಡಿನಲ್ಲಿ ಹಳ್ಳದ ದಂಡೆಯ ಮಾವು, ನೇರಳೆಗಳು ಬೇಸಿಗೆಯಲ್ಲೂ ಹಸಿರಾಗಿರುವುದೇ ಇದಕ್ಕೆ ಸಾಕ್ಷಿ.

ಹಾಗಾದರೆ ಫಿನ್ಲೆಂಡ್, ಸ್ವೀಡನ್‌ಗಳ ಹಿಮದ ಕಾಡಿನ ಕಥೆ ಬೇರೆಯೇ ಎಂದು ಕೇಳಬಹುದು. ಅರ್ಧ ನಿಜ. ಉಷ್ಣಾಂಶ ಸುಮಾರು 5 ಡಿಗ್ರಿಗಿಂತ ಇಳಿದರೆ ತೊಗಟೆಯೊಳಗಿನ ಬೆಳವಣಿಗೆಯ ಪದರ ಹೊಸ ಕೋಶ ಕಟ್ಟುವುದನ್ನೇ ನಿಲ್ಲಿಸುತ್ತದೆ. ಆದರೆ ನೆಲದ ನೀರು ಹೆಪ್ಪುಗಟ್ಟಿದಾಗ ಬೇರಿಗೆ ಅದು ಇದ್ದೂ ಇಲ್ಲದಂತೆ. ಅಲ್ಲಿನ ಪೈನ್, ಸ್ಪ್ರೂಸ್‌ಗಳಿಗೆ ಸೂಜಿಯಂಥ, ಮೇಣ ಸವರಿದ ಎಲೆಗಳಿರುವುದು ಒಳಗಿರುವ ನೀರನ್ನು ಉಳಿಸಲಿಕ್ಕೆ. ಲಾರ್ಚ್ ಮರವಂತೂ ಸೂಜಿಗಳನ್ನೇ ಉದುರಿಸಿ ನಮ್ಮ ತೇಗದ ದಾರಿ ಹಿಡಿಯುತ್ತದೆ.

ಇನ್ನೊಂದು ಆಕ್ಷೇಪವೂ ಇದೆ: ಕೊರತೆಯೇ ಕಾರಣವಾದರೆ, ಮಳೆಗೆ ಮುಂಚೆ ಉರಿಬಿಸಿಲಲ್ಲೇ ಎಷ್ಟೋ ಮರಗಳು ಚಿಗುರುವುದು ಹೇಗೆ? ಎಲೆ ಉದುರಿಸಿದ ಮರ ನೀರು ಕಳೆದುಕೊಳ್ಳುವುದು ತೀರಾ ಕಡಿಮೆ. ಆಳದ ಬೇರು ಹೀರಿದ ತೇವ ಕಾಂಡದಲ್ಲಿ ನಿಧಾನವಾಗಿ ತುಂಬಿಕೊಳ್ಳುತ್ತದೆ. ಹಗಲು ಉದ್ದವಾಗುವುದು ಹಲವು ಮರಗಳಿಗೆ ಚಿಗುರುವ ಸೂಚನೆ. ಮಳೆ ಬರುವ ಹೊತ್ತಿಗೆ ಎಲೆ ಸಿದ್ಧವಿದ್ದರೆ ಬೆಳೆಯುವ ನಾಲ್ಕು ತಿಂಗಳಲ್ಲಿ ಒಂದು ದಿನವೂ ವ್ಯರ್ಥವಾಗದು.

ಈ ಲೆಕ್ಕವೆಲ್ಲ ಮರದೊಳಗೇ ಬರೆದಿರುತ್ತದೆ. ಕೊಯ್ದ ತೇಗದ ದಿಮ್ಮಿಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ: ಬೆಳವಣಿಗೆ ಶುರುವಾದಾಗಿನ ಅಗಲ ರಂಧ್ರಗಳ ಸಾಲು, ಅದರಾಚೆ ಸಣ್ಣ ರಂಧ್ರಗಳ ಗಟ್ಟಿ ಮರ, ಮತ್ತೆ ಅಗಲ ರಂಧ್ರಗಳು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಹೀಗೆ ವರ್ಷವರ್ಷವೂ ಮೂಡುವ ಉಂಗುರಗಳಿಂದಲೇ ಹಿಂದಿನ ಶತಮಾನಗಳ ಮಳೆಯನ್ನು ಅಂದಾಜು ಮಾಡಿದ್ದಾರೆ. ಆದ್ದರಿಂದ ಬೋಳುಕಾಡನ್ನು ಸತ್ತ ಕಾಡೆಂದು ತಿಳಿದು ತರಗೆಲೆಗೆ ಬೆಂಕಿ ಇಡುವುದು ದೊಡ್ಡ ತಪ್ಪು. ಮೇ ತಿಂಗಳ ಚಿಗುರಿಗೆ ಬೇಕಾದ ತೇವವನ್ನು ನೆಲದಲ್ಲಿ ಹಿಡಿದಿಡುವುದೇ ಆ ತರಗೆಲೆ.