ಆಕ್ಯುಪೇಷನಲ್ ಥೆರಪಿಯಲ್ಲಿ ಪಿಜಿ ಮಾಡ್ಬೇಕಾ? ಸೀಟು ಹಿಡಿಯೋ ಮೊದಲು ಇಷ್ಟು ಗೊತ್ತಿರಲಿ

ಕುಮಟಾ: ಬೆಳಿಗ್ಗೆ ಹೊನ್ನಾವರ, ಭಟ್ಕಳ ದಾಟಿ ಮಣಿಪಾಲದ ಕಡೆ ಹೋಗೋ ಬಸ್ ಹತ್ತಿದ್ರೆ ಸಾಕು, ಉತ್ತರ ಕನ್ನಡದ ಎಷ್ಟು ಮನೆಗಳು ಚಿಕಿತ್ಸೆಗೆ ಪಕ್ಕದ ಜಿಲ್ಲೆ ನಂಬಿಕೊಂಡಿವೆ ಅಂತ ಗೊತ್ತಾಗುತ್ತೆ. ಕೈಯಲ್ಲಿ ಸ್ಕ್ಯಾನಿಂಗ್ ಕವರು, ತೊಡೆ ಮೇಲೆ ಮಲಗಿದ ಮಗು. ಇವರಲ್ಲಿ ಕೆಲವರು ಹೋಗೋದು ಆಪರೇಷನ್‌ಗೂ ಅಲ್ಲ, ಮಾತ್ರೆಗೂ ಅಲ್ಲ. ಮಗು ತಾನೇ ಚಮಚ ಹಿಡಿಯಲಿ, ಸ್ಟ್ರೋಕ್ ಆದ ಅಪ್ಪ ತಾನೇ ಅಂಗಿ ಗುಂಡಿ ಹಾಕ್ಕೊಳ್ಳಲಿ ಅನ್ನೋದಷ್ಟೇ ಅವರ ಆಸೆ. ಅದನ್ನ ಕಲಿಸೋ ವಿದ್ಯೆಯ ಹೆಸರು ಆಕ್ಯುಪೇಷನಲ್ ಥೆರಪಿ.

ಫಿಸಿಯೋಥೆರಪಿ ಗೊತ್ತಿರುವಷ್ಟು ಜನಕ್ಕೆ ಇದು ಗೊತ್ತಿಲ್ಲ. ಎರಡೂ ಒಂದೇ ಅಂದುಕೊಂಡವರೇ ಹೆಚ್ಚು. ಸರಳವಾಗಿ ಹೇಳ್ಬೇಕು ಅಂದ್ರೆ, ಬಿದ್ದ ಕೈ ಮತ್ತೆ ಆಡುವ ಹಾಗೆ ಮಾಡೋದು ಫಿಸಿಯೋ ಕೆಲಸ. ಆ ಕೈಯಲ್ಲಿ ಅಡಿಕೆ ಸುಲಿಯೋಕೆ, ಊಟ ಕಲಸೋಕೆ, ಬಚ್ಚಲಲ್ಲಿ ತಂಬಿಗೆ ಎತ್ತೋಕೆ ಆಗುತ್ತಾ ಅಂತ ನೋಡೋದು, ಆಗದಿದ್ರೆ ಬೇರೆ ದಾರಿ ಹುಡುಕೋದು ಆಕ್ಯುಪೇಷನಲ್ ಥೆರಪಿಸ್ಟ್ ಕೆಲಸ. ಕೆಲವೊಮ್ಮೆ ಚಮಚದ ಹಿಡಿಕೆ ದಪ್ಪ ಮಾಡಿದ್ರೆ ಅರ್ಧ ಸಮಸ್ಯೆ ಮುಗೀತು.

ಪಿಯುಸಿ ಸೈನ್ಸ್ ಆದವರು ಇದಕ್ಕೆ ಬಿಒಟಿ ಎಂಬ ಪದವಿ ಮಾಡ್ತಾರೆ. ಅದಾದ ಮೇಲೆ 2 ವರ್ಷದ ಎಂಒಟಿ. ಬಿಒಟಿ ಮುಗಿಸಿ ಇಂಟರ್ನ್‌ಶಿಪ್‌ನಲ್ಲಿ ಇರೋವಾಗಲೇ ಮನೆಯಲ್ಲಿ ಪ್ರಶ್ನೆ ಶುರುವಾಗುತ್ತೆ, ಮುಂದೇನು ಅಂತ. ಗದ್ದೆ ಪತ್ರ ಇಟ್ಟು ಸಾಲ ತೆಗೆಯೋ ಮನೆಗಳಲ್ಲಿ ಇದು ಸಣ್ಣ ಪ್ರಶ್ನೆ ಅಲ್ಲ.

ತಕ್ಷಣ ಬೇಕೇ ಬೇಕಾ?

ಬೇಡ. ಭಾರತದಲ್ಲಿ ಥೆರಪಿಸ್ಟ್ ಆಗಿ ಕೆಲಸ ಮಾಡೋಕೆ ಬಿಒಟಿ ಸಾಕು. ಕಾಲೇಜಿನಲ್ಲಿ ಪಾಠ ಮಾಡ್ಬೇಕು, ಒಂದು ವಿಭಾಗದಲ್ಲಿ ಪಳಗಬೇಕು, ಸಂಶೋಧನೆ ಕಡೆ ಹೋಗ್ಬೇಕು ಅನ್ನೋರಿಗೆ ಎಂಒಟಿ ಬೇಕು. ಎರಡು ವರ್ಷ ಆಸ್ಪತ್ರೆಯಲ್ಲೋ ಮಕ್ಕಳ ಕೇಂದ್ರದಲ್ಲೋ ದುಡಿದು ಆಮೇಲೆ ಪಿಜಿಗೆ ಹೋಗೋದ್ರಲ್ಲಿ ನಷ್ಟ ಏನಿಲ್ಲ. ಯಾವ ರೋಗಿಗಳ ಜೊತೆ ಇಡೀ ದಿನ ಕಳೆಯೋಕೆ ತನ್ನಿಂದ ಆಗುತ್ತೆ ಅನ್ನೋದು ಕ್ಲಾಸಿನಲ್ಲಿ ಗೊತ್ತಾಗೋ ವಿಷಯ ಅಲ್ಲ.

ಮಾನ್ಯತೆ ಅನ್ನೋ ಗೋಜಲು

ಇಲ್ಲೇ ಜನ ಹೆಚ್ಚು ಎಡವೋದು. ಬ್ರೋಷರ್‌ಗಳಲ್ಲಿ ಮೂರ್ನಾಲ್ಕು ಸಂಸ್ಥೆಗಳ ಲೋಗೋ ಸಾಲಾಗಿ ಇರುತ್ತೆ, ನೋಡಿದವರು ಎಲ್ಲಾ ಸರಿಯಿದೆ ಅಂದ್ಕೋತಾರೆ.

ಡಬ್ಲ್ಯುಎಫ್‌ಒಟಿ ಅಂದ್ರೆ ಈ ವೃತ್ತಿಯ ಜಾಗತಿಕ ಒಕ್ಕೂಟ. 1952ರಲ್ಲಿ ಅದು ಶುರುವಾದಾಗ ಭಾರತವೂ ಸ್ಥಾಪಕ ದೇಶಗಳಲ್ಲಿ ಒಂದು. ಅದಕ್ಕೂ 2 ವರ್ಷ ಮೊದಲೇ, 1950ರಲ್ಲಿ, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ಕಟ್ಟಿದ್ದರು. ಈ ಒಕ್ಕೂಟ ಮಾನ್ಯತೆ ಕೊಡೋದು ವೃತ್ತಿಗೆ ಪ್ರವೇಶ ಕೊಡುವ ಮೂಲ ಕೋರ್ಸ್‌ಗೆ, ಅಂದ್ರೆ ನಮ್ಮಲ್ಲಿ ಬಿಒಟಿಗೆ. ಕನಿಷ್ಠ 1000 ಗಂಟೆ ರೋಗಿಗಳ ನಡುವೆ ತರಬೇತಿ ಆಗಿರಬೇಕು ಅನ್ನೋದು ಅದರ ನಿಯಮ. ಹಾಗಾಗಿ ಎಂಒಟಿ ಜಾಹೀರಾತಿನಲ್ಲಿ ಈ ಹೆಸರು ಕಂಡ್ರೆ, ಯಾವ ಕೋರ್ಸ್‌ಗೆ ಮಾನ್ಯತೆ ಅಂತ ಕೇಳಲೇಬೇಕು. ಅದಕ್ಕಿಂತ ಮುಖ್ಯ, ನೀವು ಮಾಡಿದ ಬಿಒಟಿಗೆ ಅದು ಇದೆಯಾ ಅಂತ ನೋಡ್ಕೊಳ್ಳಿ. ಮುಂದೆ ವಿದೇಶಕ್ಕೆ ಅರ್ಜಿ ಹಾಕೋ ದಿನ ಕೇಳೋದು ಅದನ್ನೇ. ಬುನಾದಿ ಸರಿ ಇಲ್ಲದೆ ಮೇಲಿನ ಮಹಡಿ ಕಟ್ಟಿ ಪ್ರಯೋಜನ ಇಲ್ಲ.

ಎಐಒಟಿಎ ಅನ್ನೋದು ಥೆರಪಿಸ್ಟ್‌ಗಳದ್ದೇ ಅಖಿಲ ಭಾರತ ಸಂಘ. ಅದು ಕಾಲೇಜುಗಳನ್ನ ಪರಿಶೀಲಿಸಿ ಮಾನ್ಯತೆ ಕೊಡುತ್ತಾ ಬಂದಿದೆ. ಕಾನೂನಿನ ಬಲ ಬಂದಿದ್ದು 2021ರಲ್ಲಿ, ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಪಾಸಾದ ಮೇಲೆ. ಆಕ್ಯುಪೇಷನಲ್ ಥೆರಪಿ ಅದರ ಪಟ್ಟಿಯಲ್ಲಿದೆ. ರಾಜ್ಯಕ್ಕೊಂದು ಕೌನ್ಸಿಲ್, ಅದರಲ್ಲಿ ಹೆಸರು ನೋಂದಣಿ, ಇದು ಕಾಯ್ದೆ ಹೇಳೋ ವ್ಯವಸ್ಥೆ. ಪಠ್ಯಕ್ರಮ, ಪ್ರವೇಶ ನಿಯಮ ಈ ಆಯೋಗದ ಕೈಯಲ್ಲಿ ಬದಲಾಗ್ತಾ ಇರೋದ್ರಿಂದ ಅಣ್ಣನೋ ಅಕ್ಕನೋ ಮೂರು ವರ್ಷದ ಹಿಂದೆ ಹೇಗೆ ಸೇರಿದ್ರು ಅನ್ನೋದನ್ನ ನಂಬಿ ಕೂರಬಾರದು. ಈ ವರ್ಷದ ಅಧಿಸೂಚನೆಯನ್ನೇ ಓದಬೇಕು.

ಇನ್ನೊಂದು ಗೊಂದಲ ಆರ್‌ಸಿಐ. ವಿಶೇಷ ಶಿಕ್ಷಕರು, ಶ್ರವಣ ತಜ್ಞರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಅಲ್ಲಿ ನೋಂದಣಿ ಆಗ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಆ ಪಟ್ಟಿಯಲ್ಲಿ ಇಲ್ಲ. "ನಮ್ಮ ಎಂಒಟಿಗೆ ಆರ್‌ಸಿಐ ನಂಬರ್ ಸಿಗುತ್ತೆ" ಅಂತ ಯಾರಾದ್ರೂ ಹೇಳಿದ್ರೆ ಎದ್ದು ಬರೋದೇ ಒಳ್ಳೇದು.

ಎಲ್ಲಿ ಓದೋದು?

ಕರ್ನಾಟಕದಲ್ಲಿ ಫಿಸಿಯೋಥೆರಪಿ ಕಾಲೇಜು ಊರಿಗೊಂದು ಸಿಗಬಹುದು, ಇದರದ್ದು ಹಾಗಲ್ಲ, ಬೆರಳೆಣಿಕೆ. ಕರಾವಳಿಯವರಿಗೆ ಹತ್ತಿರ ಇರೋದು ಮಣಿಪಾಲದ ಮಾಹೆ, ಅಲ್ಲಿ ಬಿಒಟಿ, ಎಂಒಟಿ ಎರಡೂ ಇದೆ. ಡೀಮ್ಡ್ ವಿವಿ ಆದ್ದರಿಂದ ಶುಲ್ಕದ ಲೆಕ್ಕ ಬೇರೆ. ತಮಿಳುನಾಡಿನ ವೆಲ್ಲೂರು ಸಿಎಂಸಿ ಈ ವಿಷಯದಲ್ಲಿ ಹಳೇ ಹೆಸರು. ಕಡಿಮೆ ಶುಲ್ಕದಲ್ಲಿ ಓದಬೇಕು ಅನ್ನೋರು ಕೇಂದ್ರ ಸರ್ಕಾರದ ಸಂಸ್ಥೆಗಳನ್ನ ನೋಡಬೇಕು. ಒಡಿಶಾದ ಕಟಕ್ ಹತ್ತಿರ ಇರುವ ಸ್ವಾಮಿ ವಿವೇಕಾನಂದ ರಾಷ್ಟ್ರೀಯ ಪುನರ್ವಸತಿ ಸಂಸ್ಥೆ, ಕೋಲ್ಕತಾದ ಎನ್‌ಐಎಲ್‌ಡಿ ಎರಡರಲ್ಲೂ ಎಂಒಟಿ ಇದೆ, ಪ್ರವೇಶ ಪರೀಕ್ಷೆ ಮೂಲಕ ಸೀಟು. ದೂರ ಆಯ್ತು, ಭಾಷೆ ಬರಲ್ಲ ಅಂತ ಮನೆಯವರು ಹಿಂಜರೀತಾರೆ, ಆದ್ರೆ ಅಲ್ಲಿ ಬರೋ ರೋಗಿಗಳ ಸಂಖ್ಯೆ, ವೈವಿಧ್ಯ ಖಾಸಗಿ ಕಾಲೇಜಿನಲ್ಲಿ ಸುಲಭಕ್ಕೆ ಸಿಗಲ್ಲ.

ಕಾರವಾರ, ಅಂಕೋಲಾ ಕಡೆಯವರಿಗೆ ಮುಂಬೈ ಕೂಡ ದೂರ ಅಲ್ಲ, ಕೊಂಕಣ ರೈಲು ಹತ್ತಿದ್ರೆ ಆಯ್ತು. ಕೆಇಎಂ, ಸಾಯನ್ ಆಸ್ಪತ್ರೆ, ಹಾಜಿ ಅಲಿ ಬಳಿಯ ಎಐಐಪಿಎಂಆರ್ ಮೂರೂ ಈ ವಿದ್ಯೆಗೆ ಹೆಸರಾದ ಜಾಗಗಳು. ಹೊರರಾಜ್ಯದವರಿಗೆ ಎಷ್ಟು ಸೀಟು ಅನ್ನೋದನ್ನ ಮಾತ್ರ ಅರ್ಜಿ ಶುಲ್ಕ ಕಟ್ಟೋ ಮೊದಲೇ ವಿಚಾರಿಸಬೇಕು.

ಯಾವ ವಿಭಾಗ?

ಈಗ ಎಲ್ಲರ ಓಟ ಮಕ್ಕಳ ವಿಭಾಗದ ಕಡೆ. ಆಟಿಸಂ ಬಗ್ಗೆ ಅರಿವು ಹೆಚ್ಚಾಗಿದೆ, ಬೆಂಗಳೂರಿನಲ್ಲಿ ಬಡಾವಣೆಗೊಂದು ಥೆರಪಿ ಸೆಂಟರ್ ಇದೆ, ಕೆಲಸ ಬೇಗ ಸಿಗುತ್ತೆ. ತಪ್ಪೇನಿಲ್ಲ. ಆದ್ರೆ ಮಲೆನಾಡು, ಕರಾವಳಿಯ ಮನೆಗಳಲ್ಲಿ ಹಾಸಿಗೆ ಹಿಡಿದವರು ಯಾರು ಅಂತ ನೋಡಿದ್ರೆ ಬೇರೆ ಚಿತ್ರ ಸಿಗುತ್ತೆ. ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು, ಪಾರ್ಶ್ವವಾಯು ಆದವರು, ಯಂತ್ರಕ್ಕೆ ಬೆರಳು ಕೊಟ್ಟವರು. ಇವರಿಗೆ ಬೇಕಾದ್ದು ನರರೋಗ ಪುನರ್ವಸತಿ ಮತ್ತು ಹ್ಯಾಂಡ್ ಥೆರಪಿ ಕಲಿತವರು.

ಮಾನಸಿಕ ಆರೋಗ್ಯದ ವಿಭಾಗವನ್ನಂತೂ ಕೇಳೋರೇ ಕಡಿಮೆ. ದೀರ್ಘ ಕಾಲ ಸ್ಕಿಜೋಫ್ರೇನಿಯಾ ಇರುವ ವ್ಯಕ್ತಿ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ಬರೋ ಹಾಗೆ ಮಾಡೋದು ಇದೇ ಥೆರಪಿಸ್ಟ್‌ಗಳು. ಈ ವೃತ್ತಿ ಹುಟ್ಟಿದ್ದೇ ಹೆಚ್ಚೂಕಡಿಮೆ ಮಾನಸಿಕ ಆಸ್ಪತ್ರೆಗಳ ಅಂಗಳದಲ್ಲಿ ಅನ್ನೋದು ಈಗಿನವರಿಗೆ ಮರೆತೇ ಹೋದಂತಿದೆ.

ಕಾಲೇಜು ಒಂದು ವಿಭಾಗ ಇದೆ ಅಂದ ಮಾತ್ರಕ್ಕೆ ಆಗಲ್ಲ, ಅದಕ್ಕೆ ತಕ್ಕ ರೋಗಿಗಳು ಬರಬೇಕು. ಹ್ಯಾಂಡ್ ಥೆರಪಿ ಅಂತ ಬೋರ್ಡ್ ಹಾಕಿ, ಪಕ್ಕದಲ್ಲಿ ಪ್ಲಾಸ್ಟಿಕ್ ಸರ್ಜರಿ, ಆರ್ಥೋ ವಿಭಾಗ ಇಲ್ಲದಿದ್ರೆ ಸ್ಪ್ಲಿಂಟ್ ಮಾಡೋದು ಯಾರಿಗೆ? ಸೇರೋ ಮೊದಲು ಒಂದು ಕೆಲಸದ ದಿನ ಹೋಗಿ ಓಪಿಡಿ ಬಾಗಿಲಲ್ಲಿ ಎರಡು ಗಂಟೆ ಕೂರಿ. ಎಷ್ಟು ಜನ ಬಂದ್ರು, ಪಿಜಿಗಳು ತಾವೇ ನೋಡ್ತಾರಾ ಅಥವಾ ಫೈಲ್ ಬರೀತಾ ಕೂತಿರ್ತಾರಾ, ಒಬ್ಬ ಗೈಡ್ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು, ಸ್ಟೈಪೆಂಡ್ ಉಂಟಾ. ಎರಡನೇ ವರ್ಷದವರನ್ನ ಕ್ಯಾಂಟೀನ್‌ನಲ್ಲಿ ಮಾತಾಡಿಸಿದ್ರೆ ಪ್ರಾಸ್ಪೆಕ್ಟಸ್‌ನಲ್ಲಿ ಇಲ್ಲದ್ದೆಲ್ಲ ತಿಳಿಯುತ್ತೆ.

ಹೆಸರು ಒಂದೇ, ಪದವಿ ಬೇರೆ

ಅಮೆರಿಕಕ್ಕೆ ಹೋಗೋ ಕನಸಿನವರು ಇದನ್ನ ಎರಡು ಸಲ ಓದಬೇಕು. ಅಲ್ಲಿಯ ಎಂಒಟಿ ಅನ್ನೋದು ಬೇರೆ ಯಾವುದೋ ವಿಷಯದಲ್ಲಿ ಡಿಗ್ರಿ ಮಾಡಿದವರು ಥೆರಪಿಸ್ಟ್ ಆಗೋಕೆ ಮಾಡೋ ಮೊದಲ ಕೋರ್ಸ್. ಎಸಿಒಟಿಇ ಅನ್ನೋ ಸಂಸ್ಥೆಯ ಮಾನ್ಯತೆ ಇದ್ರೆ ಮಾತ್ರ ಅದಕ್ಕೆ ಬೆಲೆ. ಆಗಲೇ ಥೆರಪಿಸ್ಟ್ ಆದವರಿಗೆ ಅಂತಲೇ ಪೋಸ್ಟ್ ಪ್ರೊಫೆಷನಲ್ ಕೋರ್ಸ್‌ಗಳು ಬೇರೆ ಇವೆ. ಏಜೆಂಟರು ಎರಡನ್ನೂ "ಮಾಸ್ಟರ್ಸ್" ಅಂತ ಒಂದೇ ಉಸಿರಲ್ಲಿ ಹೇಳಿಬಿಡ್ತಾರೆ.

ಭಾರತದಲ್ಲಿ ಓದಿದವರು ಅಲ್ಲಿ ಕೆಲಸ ಮಾಡ್ಬೇಕು ಅಂದ್ರೆ ಮೊದಲು ಎನ್‌ಬಿಸಿಒಟಿ ನಡೆಸುವ ಅರ್ಹತಾ ಪರಿಶೀಲನೆ. ಓದು ಅಮೆರಿಕದ ಮಾಸ್ಟರ್ಸ್ ಮಟ್ಟಕ್ಕೆ ಸಮ ಇದೆಯಾ ಅಂತ ಕಡತ ಬಿಚ್ಚಿ ನೋಡ್ತಾರೆ. ಆಮೇಲೆ ಪರೀಕ್ಷೆ, ಆಮೇಲೆ ಆಯಾ ರಾಜ್ಯದ ಲೈಸೆನ್ಸ್. ಬ್ರಿಟನ್‌ನಲ್ಲಿ ಎಚ್‌ಸಿಪಿಸಿ ನೋಂದಣಿ ಸಾಕು. ಎಲ್ಲಿಗೇ ಹೋದರೂ ಸಿಲೆಬಸ್ ಪ್ರತಿ, ಕ್ಲಿನಿಕಲ್ ಗಂಟೆಗಳ ಪತ್ರ ಕೇಳ್ತಾರೆ. ಕಾಲೇಜು ಬಿಡೋ ದಿನವೇ ಸೀಲ್ ಹಾಕಿಸಿ ಇಟ್ಕೊಂಡ್ರೆ ಐದು ವರ್ಷ ಆದಮೇಲೆ ಕಚೇರಿ ಕಚೇರಿ ಅಲೆಯೋದು ತಪ್ಪುತ್ತೆ.

ದುಡ್ಡು, ದಾಖಲೆ

ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ಜಾಮೀನು ಆಸ್ತಿ ಇಲ್ಲದೆ ಬ್ಯಾಂಕ್‌ಗಳು ಕೊಡ್ತವೆ, ಅಷ್ಟರೊಳಗೆ ಮುಗಿಯೋ ಹಾಗಿದ್ರೆ ಗದ್ದೆ ಪತ್ರ ಮುಟ್ಟೋದು ಬೇಡ. ಸೇರುವಾಗ ಒರಿಜಿನಲ್ ಅಂಕಪಟ್ಟಿ ಕೊಟ್ಟು ಬರಬೇಡಿ. ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಸೂಚಿಸಿದೆ. ಬೇರೆ ಕಡೆ ಸೀಟು ಸಿಕ್ಕಿದ್ರೆ ಎಷ್ಟು ದಿನದೊಳಗೆ ಹೇಳಿದರೆ ಎಷ್ಟು ಶುಲ್ಕ ವಾಪಸ್ ಅನ್ನೋದೂ ಅದೇ ಸೂಚನೆಯಲ್ಲಿದೆ, ಪ್ರಿಂಟ್ ತೆಗೆದು ಜೊತೆಗೆ ಇಟ್ಕೊಂಡು ಹೋಗಿ.