ಹೊಲಿಗೆ ಯಂತ್ರದ ಗುರುತಿನ ಸೈಕಲ್ ತಾತ

ನಮ್ಮ ಬೀದಿಯ ಮಕ್ಕಳು ನನ್ನನ್ನು ಇವತ್ತಿಗೂ ‘ಎಲೆಕ್ಷನ್ ತಾತ’ ಎಂದೇ ಕರೆಯುತ್ತಾರೆ. ಚುನಾವಣೆಗೆ ನಿಂತದ್ದು ಒಂದೇ ಸಲ, ಅದರಲ್ಲೂ ಸೋತೆ. ಆದರೂ ಹೆಸರು ಉಳಿದುಕೊಂಡಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ತಾಳೆ ಹಾಕಿದ್ದು ಯಾರಿಗೂ ನೆನಪಿಲ್ಲ. ಕೆಲವು ದಿನ ಕೈಮುಗಿದುಕೊಂಡು ಮನೆಮನೆ ತಿರುಗಿದ್ದು ಎಲ್ಲರಿಗೂ ನೆನಪಿದೆ.

ಅದು 2019ರ ಮಾತು. ಆ ವರ್ಷ ನವೆಂಬರ್ 12ರಂದು ನಮ್ಮ ಜಿಲ್ಲೆಯ ಗೌರಿಬಿದನೂರು ಮತ್ತು ಚಿಂತಾಮಣಿ ನಗರಸಭೆಗಳಿಗೆ ಒಂದೇ ದಿನ ಮತದಾನ ನಡೆಯಿತು. ಆ ಎರಡರಲ್ಲಿ ನನ್ನ ಊರು ಯಾವುದು ಎಂದು ಹೇಳುವುದಿಲ್ಲ. ಗೆದ್ದವರೂ ನನ್ನ ಪರಿಚಯದವರೇ, ಅವರ ಹೆಸರನ್ನು ಪತ್ರಿಕೆಗೆ ಎಳೆಯುವುದು ಬೇಡ. ಮಕ್ಕಳೇ, ಬೇಕಾದರೆ ಓದುತ್ತಾ ಊಹೆ ಮಾಡಿ.

ಊಹೆ ಮಾಡುವುದು ಸುಲಭವಲ್ಲ ಬಿಡಿ. ಯಾಕೆಂದರೆ ನಾನು ಜಿಲ್ಲೆಯ ನಾಲ್ಕು ಊರುಗಳಲ್ಲೂ ಕೆಲಸ ಮಾಡಿದವನು. ಭೂಪಟ ತೆಗೆದು ನೋಡಿ: ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ನಾಲ್ಕೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಒಂದೇ ಹೆದ್ದಾರಿಯ ಮೇಲೆ ಸಾಲಾಗಿವೆ. ಆ ಹೆದ್ದಾರಿಗೆ ಮೊದಲು 234 ಎಂಬ ಸಂಖ್ಯೆ ಇತ್ತು, ಈಗ 69 ಆಗಿದೆ. ವರ್ಗಾವಣೆ ಆದಾಗಲೆಲ್ಲ ಟ್ರಂಕು, ಹಾಸಿಗೆ ಸುರುಳಿ, ಸೈಕಲ್ ಮೂರನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಈ ದಾರದ ಒಂದು ಮಣಿಯಿಂದ ಇನ್ನೊಂದು ಮಣಿಗೆ ಹೋಗುತ್ತಿದ್ದೆ.

ನನ್ನ ವಯಸ್ಸಿನ ಓದುಗರಿಗೆ ಆ ಕಾಲದ ಸೈಕಲ್ ವೈಭವ ನೆನಪಿರಬಹುದು. ಶಿಡ್ಲಘಟ್ಟದಲ್ಲಿ ಬೆಳಗ್ಗೆ ಬ್ಯಾಂಕಿಗೆ ಹೊರಟರೆ ಎದುರಿಗೆ ರೇಷ್ಮೆ ಗೂಡಿನ ಮೂಟೆ ಕಟ್ಟಿಕೊಂಡ ಸೈಕಲ್‌ಗಳು ಮಾರುಕಟ್ಟೆಯ ಕಡೆ ಸಾಲುಗಟ್ಟಿರುತ್ತಿದ್ದವು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಸೈಕಲ್ ಬಂದರೆ ಸೊಪ್ಪು ಮಾತ್ರ ಕಾಣಿಸುತ್ತಿತ್ತು, ತುಳಿಯುವವನು ಕಾಣಿಸುತ್ತಿರಲಿಲ್ಲ. ಹಾಲಿನ ಕ್ಯಾನು, ಸೀಮೆಎಣ್ಣೆ ಡಬ್ಬ, ಹಿಂದೆ ಹೆಂಡತಿ, ಮುಂದಿನ ಬಾರಿನ ಮೇಲೆ ಮಗು, ಎಲ್ಲ ಸೈಕಲ್ ಮೇಲೆಯೇ.

ನಾನು ಸೈಕಲ್ ಕಲಿತದ್ದು ಬಾಡಿಗೆ ಅಂಗಡಿಯ ಸೈಕಲ್‌ನಲ್ಲಿ. ಸೀಟಿಗೆ ಕಾಲು ಎಟುಕದ ವಯಸ್ಸು. ಬಾರಿನ ಕೆಳಗೆ ಒಂದು ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಾ ಒಂದು ಗಂಟೆಯ ಬಾಡಿಗೆಗೆ ಎರಡು ಮೊಣಕಾಲಿನ ಚರ್ಮವನ್ನೂ ಸೇರಿಸಿ ಕೊಟ್ಟು ಬರುತ್ತಿದ್ದೆವು. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದರು. ಇನ್ನೊಂದು ವಿಷಯ ಹೇಳಿದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ: ಆಗ ಸೈಕಲ್‌ಗೂ ಪುರಸಭೆಗೆ ತೆರಿಗೆ ಕಟ್ಟಬೇಕಿತ್ತು. ಕಟ್ಟಿದವರಿಗೆ ಒಂದು ತಗಡಿನ ಬಿಲ್ಲೆ ಕೊಡುತ್ತಿದ್ದರು, ಅದನ್ನು ಸೈಕಲ್‌ಗೆ ಸಿಕ್ಕಿಸಿಕೊಳ್ಳಬೇಕು. ನಮ್ಮಪ್ಪನ ಒಂದು ಬಿಲ್ಲೆ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಚುನಾವಣೆಗೆ ನಿಂತಾಗ ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ. ತೆರಿಗೆ ವಸೂಲಿ ಮಾಡುವಷ್ಟು ದೊಡ್ಡದಾಗಿ ಒಂದು ಕಾಲದಲ್ಲಿ ಕಂಡ ಸೈಕಲ್, ರಸ್ತೆ ಮಾಡುವಾಗ ಯಾಕೆ ಕಣ್ಣಿಗೆ ಬೀಳುವುದಿಲ್ಲ ಎಂದು ಕೇಳಲು.

ನಿಂತದ್ದಕ್ಕೆ ಕಾರಣ ನನ್ನ ಮೊಮ್ಮಗಳು. ಆಗ ಅವಳು ಏಳನೇ ತರಗತಿ. ಶಾಲೆ ಮನೆಯಿಂದ ಒಂದೂವರೆ ಕಿಲೋಮೀಟರ್. ಒಂದು ಸಂಜೆ ಅಳುತ್ತಾ ಸೈಕಲ್ ತಳ್ಳಿಕೊಂಡು ಬಂದಳು. ಮುಂದಿನ ಚಕ್ರ ಎಂಟರ ಆಕಾರಕ್ಕೆ ತಿರುಚಿಕೊಂಡಿತ್ತು. ಹಿಂದಿನಿಂದ ಹಾರನ್ ಮಾಡುತ್ತಾ ಬಂದ ಟೆಂಪೋಗೆ ಜಾಗ ಬಿಡಲು ಬದಿಗೆ ಸರಿದಿದ್ದಾಳೆ, ಬದಿಯಲ್ಲಿ ಚರಂಡಿಯ ಮೇಲಿನ ಚಪ್ಪಡಿ ಇರಲಿಲ್ಲ. ಪುಣ್ಯಕ್ಕೆ ಚಕ್ರ ಮಾತ್ರ ಒಳಗೆ ಹೋಗಿ ಅವಳು ಹೊರಗೆ ಬಿದ್ದಿದ್ದಳು. ಮೊಣಕೈಗೆ ಮೂರು ಹೊಲಿಗೆ. ಮಾರನೆಯ ದಿನದಿಂದ ಅವಳಪ್ಪ ಸ್ಕೂಟರಿನಲ್ಲಿ ಬಿಡಲು ಶುರು ಮಾಡಿದ. ಅವಳು ಸೈಕಲ್ ಕೇಳಲೂ ಇಲ್ಲ. ನನಗೆ ನೋವಾದದ್ದು ಅದಕ್ಕೇ.

ಚಪ್ಪಡಿ ಯಾರು ತೆಗೆದರು, ಯಾರು ಹಾಕಬೇಕಿತ್ತು ಎಂಬ ಪಂಚಾಯಿತಿ ಈಗ ಬೇಡ. ನಾನು ಮಾಡಿದ್ದು ಗುಮಾಸ್ತ ಮಾಡುವ ಕೆಲಸ. ಒಂದು ಹಳೆಯ ಲೆಡ್ಜರ್ ತೆಗೆದುಕೊಂಡು ನಮ್ಮ ವಾರ್ಡಿನ ಬೀದಿಗಳನ್ನೆಲ್ಲ ಸೈಕಲ್‌ನಲ್ಲಿ ಸುತ್ತಿದೆ. ಚಪ್ಪಡಿ ಇಲ್ಲದ ಕಡೆ 23. ಉರಿಯದ ಬೀದಿ ದೀಪ 14. ಇನ್ನೊಂದು ಪುಟದಲ್ಲಿ ಶಾಲೆಯ ಗೇಟಿನ ಮುಂದೆ ನಿಂತು ಒಂದು ವಾರ ಸೈಕಲ್ ಎಣಿಸಿದೆ. ಅತಿ ಹೆಚ್ಚು ಬಂದ ದಿನ 46. ಅದರಲ್ಲಿ ಬಹುಪಾಲು ಸರ್ಕಾರ ಕೊಟ್ಟ ಸೈಕಲ್‌ಗಳು. ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ ಶುರುವಾದದ್ದು 2006–07ರಲ್ಲಿ. ಸಾಲಾಗಿ ನಿಂತ ಒಂದೇ ಥರದ ಸೈಕಲ್‌ಗಳನ್ನು ಮಕ್ಕಳು ಹೇಗೆ ಗುರುತು ಹಿಡಿಯುತ್ತಿದ್ದರೋ ದೇವರೇ ಬಲ್ಲ. ಒಬ್ಬಳು ಹ್ಯಾಂಡಲ್‌ಗೆ ಕೆಂಪು ಟೇಪು ಕಟ್ಟಿದ್ದಳು, ಇನ್ನೊಬ್ಬ ಬೆಲ್ಲಿನ ಮೇಲೆ ಗಣೇಶನನ್ನು ಅಂಟಿಸಿದ್ದ. ಸೈಕಲ್ ಕೊಟ್ಟರು, ಸಂತೋಷ. ಅದನ್ನು ಓಡಿಸಲು ದಾರಿ?

ಆ ಲೆಡ್ಜರ್ ಹಿಡಿದು ನಾಲ್ಕಾರು ಕಡೆ ಅಲೆದೆ. ಎಲ್ಲ ಕಡೆಯೂ ಕಾಫಿ ಕೊಟ್ಟರು. ಅಷ್ಟರಲ್ಲಿ ಚುನಾವಣೆ ಪ್ರಕಟವಾಯಿತು. ಗೆಳೆಯರೊಬ್ಬರು ತಮಾಷೆಗೆ, “ನೀವೇ ನಿಂತುಬಿಡಿ ಸಾರ್” ಅಂದರು. ನಾನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ದೊಡ್ಡ ಗಲಾಟೆ. “ಈ ವಯಸ್ಸಲ್ಲಿ ಮರ್ಯಾದೆ ಕಳ್ಕೋಬೇಕಾ?” ಎಂದು ನನ್ನ ಹೆಂಡತಿ ಎರಡು ದಿನ ಮಾತು ಬಿಟ್ಟಳು.

ನಗರಸಭೆಗೆ ನಿಲ್ಲಲು 21 ವರ್ಷ ತುಂಬಿರಬೇಕು, ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಸೂಚಕರೊಬ್ಬರು ಸಹಿ ಹಾಕಬೇಕು, ಠೇವಣಿ ಕಟ್ಟಬೇಕು. ಆಸ್ತಿ, ಸಾಲ ಎಲ್ಲ ಬರೆದುಕೊಡಬೇಕು. ನನ್ನ ಆಸ್ತಿಯ ಪಟ್ಟಿಯಲ್ಲಿ ‘ಸೈಕಲ್ 1’ ಎಂದು ಬರೆದೆ. ಅಧಿಕಾರಿ ನಕ್ಕು, “ಇದನ್ನ ಬರೀಬೇಕಾಗಿಲ್ಲ” ಅಂದರು. ಇರಲಿ ಎಂದೆ.

ಆಮೇಲೆ ಚಿಹ್ನೆ. ನನಗೆ ಸೈಕಲ್ ಗುರುತೇ ಬೇಕಿತ್ತು, ಇನ್ನೇನು! ಆದರೆ ಪಕ್ಷೇತರರಿಗೆ ಇರುವ ಪಟ್ಟಿಯಲ್ಲಿ ಸೈಕಲ್ ಇರಲಿಲ್ಲ. ಅದು ಬೇರೆ ರಾಜ್ಯಗಳ ಪಕ್ಷಗಳ ಗುರುತು. ಉತ್ತರ ಪ್ರದೇಶದಲ್ಲಿ ಸಮಾಜವಾದಿ ಪಕ್ಷದ್ದು, ಪಕ್ಕದ ಆಂಧ್ರದಲ್ಲಿ ತೆಲುಗು ದೇಶಂ ಪಕ್ಷದ್ದು. ನಮ್ಮದು ಗಡಿ ಸೀಮೆ. ಅರ್ಧ ಊರಿಗೆ ಮನೆಮಾತೇ ತೆಲುಗು. ಸೈಕಲ್ ಎಂದರೆ ಎನ್.ಟಿ. ರಾಮರಾಯರು ಎನ್ನುವವರು ಇಲ್ಲಿ ಬೇಕಾದಷ್ಟು ಜನ. ಕೊನೆಗೆ ನನಗೆ ಸಿಕ್ಕಿದ್ದು ಹೊಲಿಗೆ ಯಂತ್ರ. ಸಪ್ಪಗೆ ಮುಖ ಮಾಡಿಕೊಂಡು ಮನೆಗೆ ಬಂದೆ. ಮೊಮ್ಮಗಳು ಕರಪತ್ರ ತಿರುಗಿಸಿ ನೋಡಿ, “ತಾತ, ಇದಕ್ಕೂ ಪೆಡಲ್ ಇದೆಯಲ್ಲ!” ಅಂದಳು.

ಅದನ್ನೇ ಪ್ರಚಾರದಲ್ಲಿ ಹೇಳಿದೆ. ನಮ್ಮ ಬೀದಿಯ ದರ್ಜಿಯೊಬ್ಬರು ಬಹಳ ಮೆಚ್ಚಿಕೊಂಡರು. ಮೊಮ್ಮಗಳು ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಮಕ್ಕಳನ್ನು ಪ್ರಚಾರಕ್ಕೆ ಕರೆದುಕೊಂಡು ಹೋಗುವಂತಿಲ್ಲ ಎಂದು ಮನೆಯಲ್ಲೇ ಕೂರಿಸಿದೆ. ಧ್ವನಿವರ್ಧಕ ಇಲ್ಲ, ಹಾರ ತುರಾಯಿ ಇಲ್ಲ. ನಾನು, ನನ್ನ ಸೈಕಲ್, ಕ್ಯಾರಿಯರ್ ಮೇಲೆ ಕರಪತ್ರದ ಚೀಲ.

ಹೇಳಬೇಕೆಂದು ದೊಡ್ಡ ಮಾತುಗಳನ್ನೆಲ್ಲ ಸಿದ್ಧ ಮಾಡಿಕೊಂಡಿದ್ದೆ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಬಂದಿತ್ತು. ಒಂದು ನಿಲ್ದಾಣದಲ್ಲಿ ಸೈಕಲ್ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದು. ಅದನ್ನು ಹೇಳುತ್ತಿದ್ದೆ. ನೆದರ್ಲೆಂಡ್ಸ್ ದೇಶದ ಕಥೆಯನ್ನೂ ಹೇಳುತ್ತಿದ್ದೆ. ಸೈಕಲ್ ರಾಜ್ಯವೆಂದು ಇವತ್ತು ಹೆಸರಾದ ಆ ದೇಶದಲ್ಲಿ 1971ರಲ್ಲಿ ಒಂದೇ ವರ್ಷ 400ಕ್ಕೂ ಹೆಚ್ಚು ಮಕ್ಕಳು ವಾಹನಗಳಿಗೆ ಸಿಕ್ಕಿ ತೀರಿಕೊಂಡರು. ತಂದೆ ತಾಯಂದಿರು, ಮಕ್ಕಳು ಬೀದಿಗಿಳಿದು ಕೂತರು. ಅಲ್ಲಿನ ಸೈಕಲ್ ದಾರಿಗಳು ಆಕಾಶದಿಂದ ಬಿದ್ದದ್ದಲ್ಲ, ಹಾಗೆ ಕೇಳಿ ಪಡೆದದ್ದು.

ಒಬ್ಬ ತಾಯಿ ಇದನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ಸೊಂಟದ ಮೇಲೆ ಪ್ಲಾಸ್ಟಿಕ್ ಬಿಂದಿಗೆ. ಆಮೇಲೆ ಕೇಳಿದರು, “ಅದೆಲ್ಲಾ ಸರಿ ಸಾಮಿ, ನಲ್ಲಿ ನೀರು ಯಾವಾಗ ಬಿಡಿಸ್ತೀರಿ?” ನನ್ನ ಹತ್ತಿರ ಉತ್ತರವಿರಲಿಲ್ಲ. ನಮ್ಮದು ನದಿ ಹರಿಯದ ಬಯಲುಸೀಮೆ. ಸಾವಿರ ಅಡಿ ಕೊರೆದರೂ ನೀರು ಸಿಗುವ ಖಾತರಿಯಿಲ್ಲ. ನೀರಿನ ವಿಷಯ ನನ್ನ ಕರಪತ್ರದಲ್ಲಿ ಒಂದು ಸಾಲು ಕೂಡ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನದಿಂದ ಮಾತು ಕಡಿಮೆ ಮಾಡಿ ಲೆಡ್ಜರಿನಲ್ಲಿ ಇನ್ನೊಂದು ಪುಟ ತೆರೆದೆ: ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ ನೀರು, ಎಷ್ಟು ಹೊತ್ತಿಗೆ. ಜನ ಅದನ್ನು ಮಾತ್ರ ನಾನು ಕೇಳದೆಯೇ ಹೇಳಿ ಬರೆಸಿದರು. ಆಮೇಲೇ ಚಪ್ಪಡಿಯ ಮಾತು ತಾನಾಗಿ ಬರುತ್ತಿತ್ತು. “ಅಲ್ಲೊಂದು ಗುಂಡಿ ಇದೆ, ಬರ್ಕೊಳ್ಳಿ ಸಾರ್, ನಮ್ಮತ್ತೆ ಅಲ್ಲೇ ಬಿದ್ದಿದ್ದು.” ಸೈಕಲ್‌ನ ಹುಡುಗಿ ಬಿದ್ದ ಜಾಗದಲ್ಲೇ ಕೋಲು ಊರಿಕೊಂಡು ನಡೆಯುವ ಅಜ್ಜಿಯೂ ಬೀಳುತ್ತಾಳೆ. ಇಷ್ಟು ಸರಳ ವಿಷಯ ಬಿ.ಕಾಂ. ಓದಿದ ನನಗೆ ಹೊಳೆದಿರಲಿಲ್ಲ.

ಇನ್ನೊಂದನ್ನೂ ಆಗಲೇ ಕಲಿತೆ. ನಮ್ಮ ಸಂವಿಧಾನಕ್ಕೆ 74ನೇ ತಿದ್ದುಪಡಿಯಾಗಿ 12ನೇ ಅನುಸೂಚಿ ಸೇರಿತು. ನಗರಸಭೆಗಳಿಗೆ ಕೊಡಬಹುದಾದ 18 ಕೆಲಸಗಳು ಅದರಲ್ಲಿವೆ. ರಸ್ತೆ, ಸೇತುವೆ, ನೀರು, ನೈರ್ಮಲ್ಯ, ಬೀದಿ ದೀಪ, ವಾಹನ ನಿಲ್ಲಿಸುವ ಜಾಗ ಎಲ್ಲ ಇದೆ. ಆದರೆ ಊರೊಳಗಿನ ಎಲ್ಲ ರಸ್ತೆಯೂ ನಗರಸಭೆಯದ್ದಲ್ಲ. ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಹೆದ್ದಾರಿ ಹೆದ್ದಾರಿಯವರದ್ದು. ಹೆದ್ದಾರಿ ದಾಟಿ ಶಾಲೆಗೆ ಹೋಗುವ ಮಗುವಿಗೆ ಈ ಗಡಿಯೆಲ್ಲ ಗೊತ್ತಾಗುವುದು ಹೇಗೆ? ‘ಗೆದ್ದರೆ ಶಾಲೆಯವರೆಗೆ ಸೈಕಲ್ ದಾರಿ’ ಎಂದು ಕರಪತ್ರದಲ್ಲಿ ಹಾಕಿಸಿದ್ದೆ. ಉಳಿದ ಪ್ರತಿಗಳಲ್ಲಿ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ‘ಒಳಬೀದಿಗಳಲ್ಲಿ ಚಪ್ಪಡಿ, ದೀಪ’ ಎಂದು ಬರೆದೆ. ಕೈಯಲ್ಲಿ ಇಲ್ಲದ್ದನ್ನು ಕೊಡುತ್ತೇನೆ ಎನ್ನುವುದು ಹೇಗೆ? ಖಾತೆಯಲ್ಲಿ ದುಡ್ಡಿಲ್ಲದ ಚೆಕ್ಕನ್ನು ವಾಪಸ್ ಕಳಿಸುತ್ತಾ ತಲೆ ಬೆಳ್ಳಗಾದವನು ನಾನು.

ಭಾನುವಾರ ಪ್ರಚಾರಕ್ಕೆ ಹೋದಾಗ ಒಬ್ಬ ಹುಡುಗ, “ಈಗ ಸೈಕಲ್ ತುಳಿಯೋರು ನಂದಿ ಬೆಟ್ಟ ಹತ್ತೋ ಬೆಂಗಳೂರಿನವರು ಮಾತ್ರ ತಾತ” ಎಂದ. ಅದೂ ನಿಜವೇ. ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಬಂದು, ಹೆಲ್ಮೆಟ್ ಹಾಕಿ, ಬೆವರು ಸುರಿಸಿ ಬೆಟ್ಟ ಹತ್ತಿ ಇಳಿದು, ಮತ್ತೆ ಕಾರಿಗೇ ಕಟ್ಟಿಕೊಂಡು ಹೋಗುತ್ತಾರೆ. ನನಗೆ ಅವರ ಮೇಲೆ ಗೌರವವಿದೆ, ನನಗಂತೂ ಆ ಬೆಟ್ಟ ಆಗದು. ಆದರೆ ನಮ್ಮ ಸೈಕಲ್ ಆಟದ್ದಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಡಾ. ಎಚ್. ನರಸಿಂಹಯ್ಯನವರು ಹುಡುಗನಾಗಿದ್ದಾಗ ಓದಲೆಂದು ಬೆಂಗಳೂರಿಗೆ ನಡೆದೇ ಹೋದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅಂಥ ಸೀಮೆಯಲ್ಲಿ ಒಂದು ಸೈಕಲ್ ಎಂದರೆ ಹೈಸ್ಕೂಲು ಬಿಡಬೇಕಾದ ಹುಡುಗಿ ಬಿಡದೆ ಇರುವುದು.

ಮತ ಎಣಿಕೆ ನವೆಂಬರ್ 14ರಂದು. ಮಕ್ಕಳ ದಿನಾಚರಣೆ! ಶಾಲೆಯಲ್ಲಿ ಹಾಡು, ಸಿಹಿ. ನಾನು ಎಣಿಕೆಯ ಕೋಣೆಯಲ್ಲಿ. ನಮ್ಮ ವಾರ್ಡಿನದು ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನನಗೆ ಬಿದ್ದ ಮತ 61. ಠೇವಣಿ ಹೋಯಿತು. “ನೋಟಾಕ್ಕಿಂತ ಜಾಸ್ತಿ ಅಪ್ಪಾ” ಎಂದು ಮಗ ಸಮಾಧಾನ ಮಾಡಿದ. ಮನೆಗೆ ಬಂದರೆ ಹೆಂಡತಿ ಪಾಯಸ ಮಾಡಿದ್ದಳು. ಸೋತದ್ದಕ್ಕೋ ಮುಗಿದದ್ದಕ್ಕೋ, ನಾನು ಕೇಳಲಿಲ್ಲ. ಖರ್ಚಿನ ಲೆಕ್ಕ ಕೊಡಬೇಕಲ್ಲ, ಅದನ್ನು ಮಾತ್ರ ಪೈಸೆಗೆ ಪೈಸೆ ತಾಳೆ ಮಾಡಿ ಕೊಟ್ಟೆ: 4,310 ರೂಪಾಯಿ. ಅದರಲ್ಲಿ ಪಂಕ್ಚರ್ ಎರಡು.

ವಾರ ಕಳೆದ ಮೇಲೆ ಗೆದ್ದ ಯುವಕ ಮನೆಗೆ ಬಂದ. ಕಾಲಿಗೆ ನಮಸ್ಕಾರ ಮಾಡಿ, “ತಾತ, ಆ ಪುಸ್ತಕ ಒಂದ್ಸಲ ಕೊಡ್ತೀರಾ?” ಅಂದ. ಒಂದು ಕ್ಷಣ ಕೊಡಬಾರದು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಎರಡು ತಿಂಗಳು ಬಿಸಿಲಲ್ಲಿ ಅಲೆದು ಬರೆದದ್ದು. ಮೊಮ್ಮಗಳು ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ಜೆರಾಕ್ಸ್ ಮಾಡಿಸಿ ಕೊಟ್ಟೆ, ಮೂಲ ನನ್ನ ಹತ್ತಿರವೇ ಇರಲಿ ಎಂದೆ.

ಅಷ್ಟರಲ್ಲಿ ಕೊರೊನಾ ಬಂತು. ಶಾಲೆ ಮುಚ್ಚಿತು, ಸರ್ಕಾರದ ಸೈಕಲ್ ಹಂಚಿಕೆಯೂ ನಿಂತಿತು. ಮತ್ತೆ ಎಲ್ಲ ತೆರೆದ ಮೇಲೆ ಒಂದೊಂದಾಗಿ ಚಪ್ಪಡಿ ಬೀಳತೊಡಗಿದವು. ಬಿದ್ದ ಕಡೆಯೆಲ್ಲ ಲೆಡ್ಜರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. 23ರಲ್ಲಿ 19 ಆಗಿದೆ. ಮೊಮ್ಮಗಳು ಬಿದ್ದ ಜಾಗವೂ ಅದರಲ್ಲಿ ಸೇರಿದೆ. ಉಳಿದ ನಾಲ್ಕು ದೊಡ್ಡ ರಸ್ತೆಯ ಬದಿಯವು, ಅದಕ್ಕೆ ಬೇರೆ ಕಡೆ ಅರ್ಜಿ ಕೊಟ್ಟಿದ್ದೇನೆ. ಸ್ವೀಕೃತಿಯ ಮೊಹರು ಇರುವ ಪ್ರತಿ ಜೋಪಾನವಾಗಿದೆ.

ಮೊಮ್ಮಗಳು ಈಗ ಕಾಲೇಜು, ಬಸ್ಸಿನಲ್ಲಿ ಹೋಗುತ್ತಾಳೆ. ಅವಳ ಸೈಕಲ್ ತಮ್ಮನಿಗೆ ಬಂದಿದೆ, ಮುಂದಿನ ಚಕ್ರ ಹೊಸದು. ಮೊನ್ನೆ ಅವಳು ಲೆಡ್ಜರ್ ತಿರುವಿ ಹಾಕುತ್ತಾ, “ತಾತ, ನಗರಸಭೆಗೆ ಅರ್ಧ ಸೀಟು ಹೆಂಗಸರಿಗೇ ಅಲ್ವಾ? ನನಗೆ 21 ಆಗೋದು ಯಾವಾಗ?” ಎಂದು ಬೆರಳು ಮಡಚಿ ಎಣಿಸುತ್ತಿದ್ದಳು. ಅವಳ ಅಜ್ಜಿ ಒಳಗಿನಿಂದ, “ಮತ್ತೆ ಶುರುವಾಯ್ತಾ!” ಎಂದಳು.

ಇವತ್ತು ಬೆಳಗ್ಗೆ ಹಿರಿಯ ನಾಗರಿಕರ ವಾಕಿಂಗ್ ಮುಗಿಸಿಕೊಂಡು ಶಾಲೆಯ ಗೇಟಿನ ಹತ್ತಿರ ನಿಂತಿದ್ದೆ. ಎಣಿಸಿದೆ. 31 ಸೈಕಲ್. ಕೆಂಪು ಟೇಪು ಕಟ್ಟಿದ್ದು ಒಂದು ಈಗಲೂ ಇದೆ, ಬೇರೆ ಯಾರೋ ತುಳಿಯುತ್ತಿದ್ದಾರೆ.